ಆಂಟಿವೈರಸ್ ಅಪ್‌ಡೇಟ್ ಆದ ಮೇಲೆ ನುಡಿ ತೆರೆಯುತ್ತಿಲ್ಲ, ಕಂಪ್ಯೂಟರೂ ತುಂಬಾ ನಿಧಾನ

ಪೆರ್ಲದ ಟೀಚರ್:
ಎಲ್ಲರಿಗೂ ನಮಸ್ಕಾರ. ಶಾಲೆಯಿಂದ ನಿವೃತ್ತಿ ಆದ ಮೇಲೆ ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡಿಕೊಡುತ್ತಿದ್ದೇನೆ. ಜಾತ್ರೆಯ ಆಮಂತ್ರಣ, ಮದುವೆ ಕಾಗದ, ಕನ್ನಡ ಮಾಧ್ಯಮ ಶಾಲೆಗಳ ಪ್ರಶ್ನೆಪತ್ರಿಕೆ, ಇಂಥದ್ದೆಲ್ಲ. ನಮ್ಮ ಕಾಸರಗೋಡಿನ ಕಡೆ ಕನ್ನಡ ಟೈಪ್ ಮಾಡಿಕೊಡುವವರು ಕಡಿಮೆ. ಈ ಕಂಪ್ಯೂಟರ್ ನಿಂತರೆ ಸುಮಾರು ಜನರ ಕೆಲಸ ನಿಲ್ಲುತ್ತದೆ.

ಮೊನ್ನೆ ರಾತ್ರಿ ಆಂಟಿವೈರಸ್ ತಾನಾಗಿ ಅಪ್‌ಡೇಟ್ ಆಯಿತು. ರೀಸ್ಟಾರ್ಟ್ ಕೇಳಿತು, ಕೊಟ್ಟೆ. ಅಲ್ಲಿಂದ ಶುರು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಐಕಾನ್ ಒತ್ತಿದರೆ ಫೈಲ್ ಕಾಣೆಯಾಗಿದೆ ಅಂತ ಬರುತ್ತದೆ. ಹಳೆಯ ಕಡತಗಳು ಸರಿಯಾಗಿ ತೆರೆಯುತ್ತವೆ, ಓದಲೂ ಬರುತ್ತದೆ. ಆದರೆ ಅದರಲ್ಲೇ ಹೊಸದಾಗಿ ಟೈಪ್ ಮಾಡಿದರೆ ಒಂದು ಕಡೆ ಬರೀ ಕೊಂಬು, ಇನ್ನೊಂದು ಕಡೆ ಅರ್ಧ ಅಕ್ಷರ, ಅರ್ಥವೇ ಇಲ್ಲದ ಸಾಲು. ಜೊತೆಗೆ ಕಂಪ್ಯೂಟರ್ ಆನ್ ಮಾಡಿ ತುಂಬಾ ಹೊತ್ತಾದರೂ ಮೌಸ್ ತಡೆದು ತಡೆದು ಓಡುತ್ತದೆ. ವಿಂಡೋಸ್ 10, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್.

ಪೇಟೆಯ ಅಂಗಡಿಯವರಿಗೆ ಫೋನ್ ಮಾಡಿದರೆ, ತನ್ನಿ, ಫಾರ್ಮ್ಯಾಟ್ ಮಾಡುವ ಅಂದರು. ಶಾಲೆಯ ದಿನಗಳಿಂದ ಕೂಡಿಟ್ಟ ಕಡತಗಳು ಇದರಲ್ಲೇ ಇವೆ. ಫಾರ್ಮ್ಯಾಟ್ ಬೇಕೇ ಬೇಕಾ?

ಕುಂಬಳೆ ಹುಡುಗ:
ಟೀಚರ್, ಆ ಆಂಟಿವೈರಸ್ ತೆಗೆದುಬಿಡಿ. ವಿಂಡೋಸ್‌ನ ಡಿಫೆಂಡರ್ ಸಾಕು, ದುಡ್ಡೂ ಕೊಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅದೇ ಇರುವುದು.

ಉಪ್ಪಳ ಸರ್ವಿಸ್:
ಟೀಚರ್, ಫಾರ್ಮ್ಯಾಟ್ ಖಂಡಿತ ಬೇಡ. ನಾನು ರಿಪೇರಿ ಕೆಲಸದಲ್ಲೇ ಇರುವವನು. ಮೊದಲು ಕಡತಗಳನ್ನೆಲ್ಲ ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕ್‌ಗೋ ಕಾಪಿ ಮಾಡಿ ಇಡಿ. ಮಿಕ್ಕಿದ್ದು ಆಮೇಲೆ.

ಹಳೆಯ ಕಡತ ಸರಿಯಾಗಿ ಕಾಣುತ್ತದೆ ಅಂದಿರಲ್ಲ, ಅದು ಒಳ್ಳೆಯ ಸುದ್ದಿ. ನುಡಿಯ ಫಾಂಟ್ ಹಾಗೇ ಉಳಿದಿದೆ ಅಂತ ಅರ್ಥ. ಹೋಗಿರುವುದು ಕೀಲಿಮಣೆ ನೋಡಿಕೊಳ್ಳುವ ಪ್ರೋಗ್ರಾಂ ಮಾತ್ರ. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಅವನ್ನು ಜೋಡಿಸಿ ಅಕ್ಷರ ಮಾಡುವುದು ಆ ಪ್ರೋಗ್ರಾಂ. ಅದಿಲ್ಲದಿದ್ದರೆ ಕೊಂಬು ಒಂದು ಕಡೆ, ದೀರ್ಘ ಒಂದು ಕಡೆ.

ಆಂಟಿವೈರಸ್‌ಗೆ ಅದರ ಮೇಲೆ ಯಾಕೆ ಸಿಟ್ಟು ಅಂದರೆ, ನೀವು ಒತ್ತುವ ಪ್ರತಿ ಕೀಲಿಯನ್ನೂ ಅದು ನೋಡುತ್ತಿರುತ್ತದೆ. ನೋಡದೆ ಕನ್ನಡಕ್ಕೆ ಬದಲಿಸುವುದು ಹೇಗೆ? ಪಾಸ್‌ವರ್ಡ್ ಕದಿಯುವ ಕೀಲಾಗರ್‌ಗಳೂ ಅದನ್ನೇ ಮಾಡುತ್ತವೆ. ಅಪ್‌ಡೇಟ್‌ನಲ್ಲಿ ನಿಯಮ ಸ್ವಲ್ಪ ಬಿಗಿಯಾದರೂ ಸಾಕು, ಪಾಪದ ಪ್ರೋಗ್ರಾಂ ಸಿಕ್ಕಿಬೀಳುತ್ತದೆ.

ಆಂಟಿವೈರಸ್ ತೆರೆದು ಕ್ವಾರಂಟೈನ್ ಅಂತ ಇರುವಲ್ಲಿಗೆ ಹೋಗಿ, ಹಿಡಿದ ಫೈಲ್‌ಗಳನ್ನು ಕೂಡಿಹಾಕಿಡುವ ಜಾಗ ಅದು. ಕೆಲವದರಲ್ಲಿ ವಾಲ್ಟ್ ಅಂತ ಇರುತ್ತದೆ. ಹಿಡಿದ ಫೈಲಿನ ಹೆಸರು, ಎಲ್ಲಿಂದ ತೆಗೆದದ್ದು, ಯಾವತ್ತು, ಎಲ್ಲ ಕಾಣುತ್ತದೆ. ನುಡಿಯ ಫೋಲ್ಡರಿನದ್ದು, ಅಪ್‌ಡೇಟ್ ಆದ ದಿನವೇ ಹಿಡಿದದ್ದು ಅಂತಾದರೆ ವಿಷಯ ಗೊತ್ತಾಯಿತು. ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ ಒಂದು ಫೈಲನ್ನು ಎಕ್ಸ್‌ಕ್ಲೂಷನ್‌ಗೆ, ಅಂದರೆ ಮುಟ್ಟದೆ ಬಿಡಬೇಕಾದವುಗಳ ಪಟ್ಟಿಗೆ ಸೇರಿಸಿ, ಆಮೇಲೆ ರಿಸ್ಟೋರ್ ಕೊಡಿ. ತಿರುಗಿಸಿ ಮಾಡಿದರೆ ವಾಪಸ್ ಬಂದ ಕೂಡಲೇ ಮತ್ತೆ ಹಿಡಿಯುತ್ತದೆ. ಇಡೀ ಸಿ ಡ್ರೈವನ್ನು ಮಾತ್ರ ಎಕ್ಸ್‌ಕ್ಲೂಷನ್‌ಗೆ ಹಾಕಬೇಡಿ. ಹಾಗೆ ಹಾಕಿಟ್ಟ ಕಂಪ್ಯೂಟರ್‌ಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ನೋಡಿದರೆ ಬೇಜಾರಾಗುತ್ತದೆ.

ನುಡಿಯನ್ನು ಹಾಕಿಸಿಕೊಂಡದ್ದು ಎಲ್ಲಿಂದ ಅಂತ ನೆನಪಿಲ್ಲದಿದ್ದರೆ ರಿಸ್ಟೋರ್ ಬೇಡ. ಕನ್ನಡ ಗಣಕ ಪರಿಷತ್ತಿನ ತಂತ್ರಾಂಶ ಅದು, ಹೊಸದಾಗಿ ಇಳಿಸಿಕೊಂಡು ಹಾಕಿ. ತಪ್ಪಾಗಿ ಹಿಡಿದಿದೆ ಅಂತ ಆಂಟಿವೈರಸ್ ಕಂಪೆನಿಗೂ ಒಂದು ವರದಿ ಕಳಿಸಿ. ಅವರು ಪರೀಕ್ಷೆ ಮಾಡಿ ಸರಿಪಡಿಸಿದರೆ ಕನ್ನಡ ಬರೆಯುವ ಎಲ್ಲರಿಗೂ ಉಪಕಾರ.

ಇನ್ನು ನಿಧಾನದ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತಾ, ಮೇಲೆ ಆಂಟಿವೈರಸ್ ಹೆಸರೇ ಇದೆಯಾ ನೋಡಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವು ಆಂಟಿವೈರಸ್‌ಗಳು ಇಡೀ ಡಿಸ್ಕ್ ಮತ್ತೆ ಸ್ಕ್ಯಾನ್ ಮಾಡುತ್ತವೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಅದು ಬೇಗ ಮುಗಿಯುವುದಿಲ್ಲ. ಒಂದು ರಾತ್ರಿ ಆನ್ ಇಟ್ಟು ಬಿಡಿ, ಸ್ಲೀಪ್‌ಗೆ ಹೋಗದ ಹಾಗೆ ನೋಡಿಕೊಳ್ಳಿ. ಬೆಳಿಗ್ಗೆಯೂ ಹಾಗೇ ಇದ್ದರೆ ಬೇರೆ ಕಾರಣ ಹುಡುಕಬೇಕು. ಎರಡು ಆಂಟಿವೈರಸ್ ಒಟ್ಟಿಗೆ ಓಡುತ್ತಿದ್ದರೂ ಹೀಗಾಗುತ್ತದೆ. ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಆದರೆ ಹೊರಗಿನ ಎರಡು ಇದ್ದರೆ ಒಂದೇ ಫೈಲಿಗೆ ಇಬ್ಬರೂ ಕೈಹಾಕುತ್ತಾರೆ.

ಕುಂಬಳೆಯ ತಮ್ಮ ಹೇಳಿದ ಹಾಗೆ ಡಿಫೆಂಡರ್ ಸಾಕಾಗುತ್ತದೆ, ಅದು ನಿಜ. ಆದರೆ ಈಗಿರುವುದನ್ನು ತೆಗೆಯುವ ಮೊದಲು ಲೈಸೆನ್ಸ್ ಕೀ ಬರೆದಿಟ್ಟುಕೊಳ್ಳಿ. ಮಾಮೂಲಿಯಾಗಿ ತೆಗೆಯಲು ಆಗದಿದ್ದರೆ ಆ ಕಂಪೆನಿಯದ್ದೇ ರಿಮೂವಲ್ ಟೂಲ್ ಇಳಿಸಿ ಸೇಫ್ ಮೋಡ್‌ನಲ್ಲಿ ಓಡಿಸಿ. ವಿಂಡೋಸ್ ತೀರಾ ಬೇಕಾದಷ್ಟನ್ನು ಮಾತ್ರ ಓಡಿಸುವ ಸ್ಥಿತಿ ಅದು. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ಸೇಫ್ ಮೋಡ್‌ಗೆ ಹೋಗುವ ದಾರಿ ಸಿಗುತ್ತದೆ. ತೆಗೆದು ರೀಸ್ಟಾರ್ಟ್ ಆದ ಮೇಲೆ ಡಿಫೆಂಡರ್ ಆನ್ ಆಗಿದೆಯಾ ಅಂತ ಕಣ್ಣಾರೆ ನೋಡಿ.

ಅಪ್‌ಡೇಟ್ ಕೈಕೊಡುವುದು ದೊಡ್ಡವರಿಗೂ ತಪ್ಪಿದ್ದಲ್ಲ. 2010ರ ಏಪ್ರಿಲ್‌ನಲ್ಲಿ ಮೆಕಾಫಿ ಆಂಟಿವೈರಸ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಅಂತ ಹಿಡಿದಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪೆನಿಯ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟದ್ದು ನೆನಪಿರಬಹುದು. ಅದಕ್ಕೂ ಮದ್ದು ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದೇ ಆಗಿತ್ತು. ಫಾರ್ಮ್ಯಾಟ್ ಅಲ್ಲ.

ಮುಳ್ಳೇರಿಯದಿಂದ:
ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಮೂಲೆಯಲ್ಲಿ ತಾರೀಕು ಸರಿ ಇದೆಯಾ ನೋಡಿ ಟೀಚರ್. ಮದರ್‌ಬೋರ್ಡ್‌ನ ಸೆಲ್ ಮುಗಿದಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಕು ಹಿಂದಕ್ಕೆ ಓಡುತ್ತದೆ. ಆಗ ಲೈಸೆನ್ಸ್ ತಕರಾರು ಮಾಡುತ್ತದೆ, ಬ್ಯಾಂಕಿನ ಸೈಟೂ ಸುರಕ್ಷಿತ ಅಲ್ಲ ಅಂತ ತೋರಿಸುತ್ತದೆ. ಸಿಆರ್2032 ಅಂತ ಕೇಳಿ, ಬಟನ್ ಸೆಲ್, ವಾಚಿನ ಅಂಗಡಿಯಲ್ಲೂ ಸಿಗುತ್ತದೆ.

ಪೆರ್ಲದ ಟೀಚರ್:
ತಾರೀಕು ಸರಿ ಇದೆ. ಕ್ವಾರಂಟೈನ್‌ನಲ್ಲಿ ನುಡಿ ಸಿಕ್ಕಿತು! ನೀವು ಹೇಳಿದ ಕ್ರಮದಲ್ಲೇ ಮಾಡಿದೆ, ಈಗ ಟೈಪ್ ಆಗುತ್ತಿದೆ. ತುಂಬಾ ತುಂಬಾ ಉಪಕಾರವಾಯಿತು. ಸ್ಕ್ಯಾನ್ ಇವತ್ತು ರಾತ್ರಿ ಓಡಲು ಬಿಡುತ್ತೇನೆ. ಆದರೆ ಪಟ್ಟಿಯಲ್ಲಿ ಇನ್ನೊಂದು ಇದೆ. ಪ್ರೆಸ್‌ಗೆ ಕೊಟ್ಟು ತಂದ ಪೆನ್‌ಡ್ರೈವ್‌ನಿಂದ ಹಿಡಿದದ್ದು. ಫೋಲ್ಡರಿನ ಹೆಸರೇ ಇದೆ, ಶಾರ್ಟ್‌ಕಟ್ ಅಂತ ತೋರಿಸುತ್ತದೆ. ಅದನ್ನೂ ರಿಸ್ಟೋರ್ ಮಾಡಲಾ?

ಉಪ್ಪಳ ಸರ್ವಿಸ್:
ಬೇಡವೇ ಬೇಡ ಟೀಚರ್, ಅದು ನಿಜವಾದ ವೈರಸ್ಸೇ ಇರಬೇಕು. ಫೋಲ್ಡರನ್ನು ಅಡಗಿಸಿ ಅದರ ಹೆಸರಿನಲ್ಲಿ ಶಾರ್ಟ್‌ಕಟ್ ಇಡುವ ಜಾತಿಯದ್ದು. ಅಲ್ಲಿಂದಲೇ ಡಿಲೀಟ್ ಕೊಡಿ. ನಿಮ್ಮ ಫೈಲ್‌ಗಳು ಆ ಪೆನ್‌ಡ್ರೈವ್‌ನಲ್ಲೇ ಅಡಗಿ ಕೂತಿರುತ್ತವೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿ. ಕಾಣದಿದ್ದರೆ ಆಪ್ಷನ್ಸ್‌ನಲ್ಲಿ ಸಿಸ್ಟಂ ಫೈಲ್ ಅಡಗಿಸುವ ಟಿಕ್ ತೆಗೆದು ನೋಡಿ. ಬೇಕಾದ್ದನ್ನು ಕಾಪಿ ಮಾಡಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಪ್ರೆಸ್‌ನವರಿಗೂ ಒಂದು ಮಾತು ಹೇಳಿ, ಅವರ ಕಂಪ್ಯೂಟರ್‌ನಲ್ಲಿ ಅದು ಇನ್ನೂ ಇರಬಹುದು. ಮುಂದಿನ ಸಲ ಆಮಂತ್ರಣವನ್ನು ಪಿಡಿಎಫ್ ಮಾಡಿ ಮೇಲ್‌ನಲ್ಲೇ ಕಳಿಸಿ. ಇನ್ನೊಂದು, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮುಂದೆ ಏನು ಮಾಡಬಹುದು ಅಂತ ಬಿಡುವಾದಾಗ ಮಾತಾಡುವ, ಯಂತ್ರದ ಮಾಡೆಲ್ ನಂಬರ್ ಇಲ್ಲಿ ಹಾಕಿ.