ತಂಗಿಗೆ ರಸಾಯನಶಾಸ್ತ್ರ ಓದುವ ಆಸೆ: ಸಹಾಯ ಬೇಕು

ನಮಸ್ಕಾರ. ದ್ವಿತೀಯ ಪಿಯುಸಿಯಲ್ಲಿರುವ ನನ್ನ ತಂಗಿ ನೀಟ್ ಬೇಡ, ಎಂಜಿನಿಯರಿಂಗ್ ಬೇಡ, ರಸಾಯನಶಾಸ್ತ್ರವೇ ಬೇಕು ಎಂದು ಪಟ್ಟು ಹಿಡಿದಿದ್ದಾಳೆ. ಪ್ರಯೋಗಾಲಯದಲ್ಲಿ ಟೈಟ್ರೇಷನ್ (ಹನಿಹನಿಯಾಗಿ ದ್ರಾವಣ ಬೆರೆಸಿ ಅಳೆಯುವ ಪ್ರಯೋಗ) ಮಾಡುವಾಗ ತಿಳಿಗುಲಾಬಿ ಬಣ್ಣ ಬಂದ ದಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ!

ಐಸರ್‌ಗಳ (ಕೇಂದ್ರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳು) ಐದು ವರ್ಷದ ಬಿಎಸ್-ಎಂಎಸ್ ಜೋಡಿ ಪದವಿಗೆ ಐಎಟಿ ಎಂಬ ಪ್ರವೇಶ ಪರೀಕ್ಷೆ ಬರೆಯುತ್ತಾಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಯ ಮೇಲೂ ಕಣ್ಣಿದೆ. ಎರಡೂ ಕೈತಪ್ಪಿದರೆ ಮೈಸೂರಿನ ಯುವರಾಜ ಕಾಲೇಜಿನಂಥ ಕಡೆ ಬಿಎಸ್ಸಿ. ರಾಜ್ಯದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿದಿದೆಯಲ್ಲ, ಹಾಗೆ ಮೂರು ವರ್ಷ ಮುಗಿಸಿ ಜ್ಯಾಮ್ (ಎಂಎಸ್ಸಿ ಪ್ರವೇಶ ಪರೀಕ್ಷೆ) ಬರೆದು ಐಐಟಿಯಲ್ಲಿ ಎಂಎಸ್ಸಿ ಸೇರಿದವರು ಇಲ್ಲಿದ್ದೀರಾ? ಬಿಎಸ್ಸಿಯಲ್ಲಿ ರಸಾಯನಶಾಸ್ತ್ರದ ಜೊತೆಗೆ ಗಣಿತ ಇರಬೇಕೇ, ಜೀವಶಾಸ್ತ್ರ ಸಾಕೇ? ಪ್ರಯೋಗಾಲಯ ನಿಜಕ್ಕೂ ಚೆನ್ನಾಗಿರುವ ಕಾಲೇಜು ಯಾವುದು?

‘ಬಿಎಸ್ಸಿ ಓದಿ ಏನು ಮಾಡುತ್ತಾಳೆ’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಅದಕ್ಕೆ ನಮ್ಮ ಸೋದರಮಾವ ಇದ್ದಾರೆ.