ಅಪ್‌ಡೇಟ್: ಹಳೆಯ ಕೊಳವೆಗಳಿಗೆ ಸಾಲ ಹುಡುಕಿದ ಕಥೆ

ಅಮೆರಿಕದ ನಮ್ಮ ಪುಟ್ಟ ಊರಿನ ನೀರು ಸರಬರಾಜು ಮಂಡಳಿಗೆ ಯಾವ ಸರ್ಕಾರಿ ಸಾಲ ಹೊಂದುತ್ತದೆ ಎಂದು ಕೇಳಿದ್ದೆ. ಹಲವರು ‘ವಿಫಿಯಾ’ ಎಂದಿರಿ, ಅಂದರೆ ನೀರಿನ ಯೋಜನೆಗಳಿಗೆ ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ ಕೊಡುವ ಸಾಲ. ಅದು ನಮಗಲ್ಲ. 25,000 ಜನಸಂಖ್ಯೆಯೊಳಗಿನ ಊರಾದರೂ ಯೋಜನೆಯ ವೆಚ್ಚ ಕನಿಷ್ಠ 50 ಲಕ್ಷ ಡಾಲರ್ ಇರಬೇಕು. ನಮ್ಮ ಕೊಳವೆಗಳು ಅಷ್ಟು ಶ್ರೀಮಂತವಲ್ಲ.

ಉಳಿದದ್ದು ಎರಡು. ಸುರಕ್ಷಿತ ಕುಡಿಯುವ ನೀರಿನ ಕಾನೂನಿಗೆ 1996ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದ, ರಾಜ್ಯಗಳು ನಡೆಸುವ ಕುಡಿಯುವ ನೀರಿನ ಆವರ್ತ ನಿಧಿ ಒಂದು. ಹಳೆಯ ಸಾಲಗಾರರು ಕಟ್ಟಿದ ಕಂತೇ ಹೊಸಬರಿಗೆ ಸಾಲವಾಗುವ ಏರ್ಪಾಡು ನನಗೆ ಬಹಳ ಹಿಡಿಸಿತು. ಇನ್ನೊಂದು ಕೃಷಿ ಇಲಾಖೆಯ ಗ್ರಾಮೀಣ ಸಾಲ: 10,000 ಜನಸಂಖ್ಯೆಯ ಮಿತಿ, ಗರಿಷ್ಠ 40 ವರ್ಷಗಳ ಮರುಪಾವತಿ, ಅರ್ಹತೆಯಿದ್ದರೆ ಜೊತೆಗೆ ಅನುದಾನ. ಬೇರೆಡೆ ನ್ಯಾಯವಾದ ಷರತ್ತಿನ ಸಾಲ ಸಿಗುವುದಿಲ್ಲವೆಂದು ತೋರಿಸಬೇಕು. ಬ್ಯಾಂಕುಗಳು ಆ ಕೆಲಸವನ್ನು ಸುಲಭ ಮಾಡಿಕೊಟ್ಟವು!

ಎರಡನೆಯದಕ್ಕೇ ಅರ್ಜಿ ಹಾಕಿದೆವು. ಎಂಜಿನಿಯರ್ ವರದಿ, ಪರಿಸರ ಪರಿಶೀಲನೆ ಎರಡೂ ಬೇಕು. ಪರಿಶೀಲನೆ ಮುಗಿಯುವ ಮೊದಲು ನೆಲ ಅಗೆಯುವಂತಿಲ್ಲ. ಕಬ್ಬಿಣ, ಉಕ್ಕು ಅಮೆರಿಕದಲ್ಲೇ ತಯಾರಾಗಿರಬೇಕೆಂಬ ನಿಯಮವನ್ನು ಮರೆತು ಮಾಡಿದ್ದ ಅಂದಾಜುಪಟ್ಟಿಯನ್ನು ಮತ್ತೆ ಬರೆಯಬೇಕಾಯಿತು. ತಪ್ಪು ನನ್ನದೇ.

ಈಗ ನೀರಿನ ದರ ಏರಿಕೆಯ ಸಭೆ ಬಾಕಿಯಿದೆ. ಅಲ್ಲಿ ಬೈಗುಳ ಖಚಿತ.