ಏಸ್ ಕಾಂಬ್ಯಾಟ್ 7 ಈಗ ತಗೊಳ್ಳಬಹುದಾ? ಆಡಿದವರು ಹೇಳಿ

ಬಜ್ಪೆ_ಗುಡ್ಡೆ:
ನಮ್ಮ ಮನೆ ಏರ್‌ಪೋರ್ಟ್ ಹತ್ತಿರ. ಟೆರೇಸಿನಲ್ಲಿ ನಿಂತು ವಿಮಾನ ಇಳಿಯುವುದನ್ನು ನೋಡಿಯೇ ದೊಡ್ಡವನಾದೆ. ಹೋದ ವರ್ಷ ಕಂಪ್ಯೂಟರಿಗೆ ಒಂದು ಸಿಮ್ಯುಲೇಟರ್, ಅಂದರೆ ನಿಜವಾದ ವಿಮಾನದ ಹಾಗೆಯೇ ಹಾರಿಸುವ ಗೇಮ್, ಹಾಕಿಕೊಂಡೆ. ಎಂಜಿನ್ ಸ್ಟಾರ್ಟ್ ಮಾಡುವ ಸ್ವಿಚ್‌ಗಳನ್ನು ಕಲಿಯುವಷ್ಟರಲ್ಲಿ ಮಳೆಗಾಲವೇ ಮುಗಿಯಿತು ಮಾರಾಯ್ರೆ. ಈಗ ನನಗೆ ಸುಮ್ನೆ ಕೂತು ಹಾರಿಸಿ, ನಾಲ್ಕು ಮಿಸೈಲ್ ಬಿಟ್ಟು, ಅಮ್ಮ ಊಟಕ್ಕೆ ಕರೆದಾಗ ಎದ್ದು ಹೋಗುವಂಥ ಗೇಮ್ ಬೇಕು. ಏಸ್ ಕಾಂಬ್ಯಾಟ್ 7 ಸೇಲಿನಲ್ಲಿ ಉಂಟು. 2019ರದ್ದು, ತೀರಾ ಹಳೆಯದಾಯಿತಾ? ಬರೀ ಹೊಗಳಬೇಡಿ, ಕಿರಿಕಿರಿ ಎಲ್ಲಿ ಅಂತಲೂ ಹೇಳಿ.

ತೊಕ್ಕೊಟ್ಟು_ಟರ್ಬೊ:
ಕಣ್ಣು ಮುಚ್ಚಿ ತಗೊಳ್ಳಿ. ಕಾರಣ ಒಂದೇ, ಮೋಡ.

ತಮಾಷೆ ಅಲ್ಲ. ಬೇರೆ ಗೇಮ್‌ಗಳಲ್ಲಿ ಮೋಡ ಅಂದರೆ ಹಿಂದೆ ಅಂಟಿಸಿದ ಚಿತ್ರ. ಇಲ್ಲಿ ಅದರ ಒಳಗೆ ನುಗ್ಗಬಹುದು. ನುಗ್ಗಿದರೆ ಗಾಜಿನ ಮೇಲೆ ನೀರಿನ ಹನಿ ಹರಿಯುತ್ತದೆ, ಹಿಂದೆ ಬಿದ್ದ ಮಿಸೈಲ್ ದಾರಿ ತಪ್ಪುತ್ತದೆ. ಹಾಗಂತ ಅಲ್ಲೇ ಅಡಗಿ ಕೂತರೆ ರೆಕ್ಕೆಗೆ ಹಿಮ ಕಟ್ಟಿ ವಿಮಾನ ಮಾತು ಕೇಳುವುದಿಲ್ಲ. ಮಿಂಚು ಹೊಡೆದರೆ ಪರದೆಯ ಮೇಲಿನ ಅಂಕಿಗಳೆಲ್ಲ ಅಲ್ಲೋಲಕಲ್ಲೋಲ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿಯಲ್ಲಿ ಬಸ್ಸಿನ ಮುಂದಿನ ಸೀಟಲ್ಲಿ ಕೂತವರಿಗೆ ಆ ಅನುಭವ ಗೊತ್ತಿರುತ್ತದೆ, ಏನೂ ಕಾಣುವುದಿಲ್ಲ, ಆದರೂ ಡ್ರೈವರ್ ಓಡಿಸುತ್ತಲೇ ಇರುತ್ತಾನೆ.

ಕಂಟ್ರೋಲ್ ಸುಲಭ. ವೇಗ ಹೆಚ್ಚಿಸುವ ಬಟನ್ ಮತ್ತು ಬ್ರೇಕ್ ಎರಡನ್ನೂ ಒಟ್ಟಿಗೆ ಒತ್ತಿ ತಿರುಗಿಸಿದರೆ ವಿಮಾನ ಗಕ್ಕನೆ ಹೊರಳುತ್ತದೆ. ಅದೊಂದು ಕೈಗೆ ಹತ್ತಿದರೆ ಅರ್ಧ ಗೇಮ್ ಗೆದ್ದ ಹಾಗೆ.

ಹಾಸ್ಟೆಲ್_ಮಣಿಪಾಲ:
ಮೋಡ ಚೆಂದ, ಒಪ್ಪಿದೆ. ಆದರೆ ಟರ್ಬೊ ಅವರು ಆರನೇ ಮಿಷನ್ ಬಗ್ಗೆ ಬಾಯಿ ಬಿಟ್ಟಿಲ್ಲ ನೋಡಿ. ಎಣ್ಣೆ ಸ್ಥಾವರದ ಮೇಲೆ ದಾಳಿ, ಇಷ್ಟು ಹೊತ್ತಿನೊಳಗೆ ಇಷ್ಟು ಅಂಕ ಮಾಡಬೇಕು. ನಡುವೆ ಧೂಳಿನ ಬಿರುಗಾಳಿ ಬೇರೆ. ಟೈಮ್ ಮುಗಿದರೆ ಮುಗಿಯಿತು. ಮೊದಲ ಸಲ ನಾನು ಪಾಪದವನ ಹಾಗೆ ಶತ್ರು ವಿಮಾನಗಳ ಬೆನ್ನು ಹತ್ತಿ ಟೈಮ್ ಹಾಳು ಮಾಡಿಕೊಂಡೆ, ನೆಲದ ಮೇಲೆ ಗುಂಪುಗುಂಪಾಗಿ ಅಂಕ ಬಿದ್ದುಕೊಂಡಿತ್ತು. ಅದೂ ಮುಗಿಯಲು ಎರಡು ನಿಮಿಷ ಇರುವಾಗ ಹಾಸ್ಟೆಲಿನಲ್ಲಿ ಕರೆಂಟ್ ಹೋಯಿತು, ಅದು ಗೇಮಿನ ತಪ್ಪಲ್ಲ ಬಿಡಿ. ಇಂಥದ್ದು ಮುಂದೆಯೂ ಬರುತ್ತದೆ. ಒಟ್ಟು 20 ಮಿಷನ್, ಅದರಲ್ಲಿ ಕೆಲವು ಲೆಕ್ಕದ ಪರೀಕ್ಷೆ ಬರೆದ ಹಾಗೆ ಅನ್ನಿಸುತ್ತವೆ.

ಇನ್ನೊಂದು, ಕತೆ. ಓಸಿಯಾ, ಎರೂಸಿಯಾ ಅಂತ ಎರಡು ಕಲ್ಪನೆಯ ದೇಶಗಳ ಯುದ್ಧ. ಸ್ವಲ್ಪ ಹೊತ್ತಿಗೆ ನಮ್ಮ ಪೈಲಟ್ ಕೈದಿಗಳ ಸ್ಕ್ವಾಡ್ರನ್ನಿಗೆ ಹೋಗಿ ಬೀಳುತ್ತಾನೆ, ಆ ಭಾಗ ಮಜಾ ಉಂಟು. ಆದರೆ ಎಲ್ಲರೂ ರೇಡಿಯೋದಲ್ಲಿ ಒಂದೇ ಸಮ ಮಾತಾಡುತ್ತಾರೆ, ಅದೂ ನಾವು ತಲೆಕೆಳಗಾಗಿ ತಿರುಗುತ್ತಿರುವಾಗ. ಸಬ್‌ಟೈಟಲ್ ಓದುವುದಾ, ಹಿಂದೆ ಬರುವ ಮಿಸೈಲ್ ನೋಡುವುದಾ? ನಾನು ಅರ್ಧ ಕತೆಯನ್ನು ಆಮೇಲೆ ಯೂಟ್ಯೂಬಿನಲ್ಲಿ ನೋಡಿ ಅರ್ಥ ಮಾಡಿಕೊಂಡೆ.

ಕಾಪು_ದೀಪಸ್ತಂಭ:
ಸಿಮ್ಯುಲೇಟರ್ ಜಾಯ್‌ಸ್ಟಿಕ್ ಇದೆ ಅಂತ ಖುಷಿ ಪಡಬೇಡಿ. ಪಿಸಿಗೆ ಬಂದಾಗ ಬೆರಳೆಣಿಕೆಯ ಸ್ಟಿಕ್‌ಗಳಿಗೆ ಮಾತ್ರ ಸಪೋರ್ಟ್ ಇತ್ತು, ನನ್ನದು ಆ ಪಟ್ಟಿಯಲ್ಲಿ ಇರಲಿಲ್ಲ. ಗೇಮ್‌ಪ್ಯಾಡ್ ಸಾಕು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವಿಆರ್ ಆಸೆ ಇದ್ದರೆ ಅದನ್ನೂ ಬಿಡಿ, ಅದು ಪ್ಲೇಸ್ಟೇಷನ್ 4ನಲ್ಲಿ ಮಾತ್ರ, ಅದೂ ಮೂರೇ ಮಿಷನ್.

ಒಂದೇ ವಿಮಾನದಲ್ಲಿ ಹತ್ತಾರು ಮಿಸೈಲ್ ಎಲ್ಲಿಂದ ಬಂತು ಅಂತ ಕೇಳುವವರು ಈ ಗೇಮ್ ಆಡಬಾರದು. ಯಕ್ಷಗಾನದಲ್ಲಿ ಕಿರೀಟ ಎಷ್ಟು ಭಾರ ಅಂತ ಯಾರಾದರೂ ತೂಕ ಹಾಕುತ್ತಾರಾ?

ಬಜ್ಪೆ_ಗುಡ್ಡೆ:
ತಗೊಂಡೆ. ನಿನ್ನೆ ರಾತ್ರಿ ಎರಡು ಗಂಟೆವರೆಗೆ ಆಡಿದೆ, ಊಟ ತಣ್ಣಗಾಯಿತು, ಬೈಗುಳವೂ ಸಿಕ್ಕಿತು. ಸಿಕ್ಕಿದ ಮೊದಲ ಪಾಯಿಂಟ್‌ಗಳಲ್ಲೇ ಮಿಗ್-21 ಕೊಂಡೆ. ನಮ್ಮ ವಾಯುಪಡೆ ಅದನ್ನು 2025ರ ಸೆಪ್ಟೆಂಬರ್‌ನಲ್ಲಿ ಬೀಳ್ಕೊಟ್ಟಿತಲ್ಲ, ನನ್ನ ಹತ್ತಿರವಾದರೂ ಸ್ವಲ್ಪ ದಿನ ಹಾರಲಿ. ತೇಜಸ್ ಹುಡುಕಿದೆ, ಇಲ್ಲ, ಸ್ವಲ್ಪ ಬೇಜಾರಾಯಿತು. ಕಂಟ್ರೋಲ್ ಸ್ಟ್ಯಾಂಡರ್ಡ್ ಇಡಬೇಕಾ, ಎಕ್ಸ್‌ಪರ್ಟಾ?

ತೊಕ್ಕೊಟ್ಟು_ಟರ್ಬೊ:
ಎಕ್ಸ್‌ಪರ್ಟ್. ಸ್ಟ್ಯಾಂಡರ್ಡಿನಲ್ಲಿ ವಿಮಾನ ರಿಕ್ಷಾದ ಹಾಗೆ ಎಡಕ್ಕೆ ಬಲಕ್ಕೆ ತಿರುಗುತ್ತದೆ ಅಷ್ಟೇ, ಹೊರಳುವ ಮಜಾ ಸಿಗುವುದಿಲ್ಲ. ಮೊದಲ ಅರ್ಧ ಗಂಟೆ ಗುಡ್ಡಕ್ಕೆ ಗುದ್ದುತ್ತೀರಿ, ಪರವಾಗಿಲ್ಲ.

ಹಾಸ್ಟೆಲ್_ಮಣಿಪಾಲ:
ಆರನೇ ಮಿಷನ್‌ಗೆ ಮಿಗ್-21 ತಗೊಂಡು ಹೋಗಬೇಡಿ ಮತ್ತೆ. ನೆಲಕ್ಕೆ ಹೊಡೆಯುವ ವಿಮಾನ ಒಂದು ಕೊಂಡಿಡಿ, ಈಗಲೇ ಹೇಳಿದ್ದೇನೆ.